ಮಾಗಡಿ ಕೆರೆಗೆ ಯಾವ ಲೆನ್ಸ್? ಕಡಿಮೆ ಖರ್ಚಿನ ಸೂಪರ್ ಟೆಲಿಫೋಟೊ ಝೂಮ್ ಕುರಿತು ಪ್ರಶ್ನೋತ್ತರ

ಪ್ರಶ್ನೆ (ಗದಗದ ಪ್ರೌಢಶಾಲಾ ಶಿಕ್ಷಕರು): ಸರ್, ನಮಸ್ಕಾರ. ನನ್ನ ಬಳಿ ಕ್ಯಾನನ್ 200ಡಿ ಕ್ಯಾಮೆರಾ ಹಾಗೂ 55-250 ಎಂಎಂ ಲೆನ್ಸ್ ಇವೆ. ಕಳೆದ ಚಳಿಗಾಲದಲ್ಲಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದುಕೊಂಡು ಹೋಗಿದ್ದಾಗ ಪಟ್ಟೆತಲೆ ಹೆಬ್ಬಾತುಗಳ ಚಿತ್ರ ತೆಗೆದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ನೀರಿನ ಮೇಲೆ ಬೂದು ಚುಕ್ಕೆಗಳಷ್ಟೇ ಕಂಡವು. ಬರುವ ನವೆಂಬರಿನೊಳಗೆ 600 ಎಂಎಂವರೆಗೆ ಹೋಗುವ ಒಂದು ಝೂಮ್ ಕೊಳ್ಳಬೇಕೆಂದಿದ್ದೇನೆ. ಕೂಡಿಟ್ಟಿರುವುದು 70,000 ರೂಪಾಯಿ. ಯಾವುದನ್ನು ಕೊಳ್ಳಲಿ?

ಉತ್ತರ: ಗುರುಗಳಿಗೆ ನಮಸ್ಕಾರ. ಲೆನ್ಸಿನ ಹೆಸರು ಹೇಳುವ ಮೊದಲು ಆ ಚುಕ್ಕೆಗಳ ಲೆಕ್ಕ ಮಾಡೋಣ. ಹೆಬ್ಬಾತಿನ ಉದ್ದ ಸುಮಾರು 75 ಸೆಂಟಿಮೀಟರ್. ಈ ಉದ್ದವನ್ನು ಲೆನ್ಸಿನ ಮೇಲೆ ಎಂಎಂನಲ್ಲಿ ಬರೆದಿರುವ ಫೋಕಲ್ ಲೆಂತ್‌ನಿಂದ ಗುಣಿಸಿ, ಹಕ್ಕಿ ಇರುವ ದೂರದಿಂದ ಭಾಗಿಸಿದರೆ ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ, ಮೇಲೆ ಬೀಳುವ ಬಿಂಬದ ಅಳತೆ ಸಿಗುತ್ತದೆ. ಹಕ್ಕಿ 150 ಮೀಟರ್ ದೂರದಲ್ಲಿದ್ದು ನೀವು 600 ಎಂಎಂ ಹಿಡಿದಿದ್ದರೆ ಬಿಂಬ 3 ಮಿಲಿಮೀಟರ್. ಅದೇ ಹಕ್ಕಿ 50 ಮೀಟರಿನಲ್ಲಿದ್ದು ನಿಮ್ಮ ಈಗಿನ 250 ಎಂಎಂ ಹಿಡಿದಿದ್ದರೆ ಬಿಂಬ 3.75 ಮಿಲಿಮೀಟರ್, ಅಂದರೆ ದೊಡ್ಡ ಲೆನ್ಸಿನದಕ್ಕಿಂತ ದೊಡ್ಡದು. 50 ಮೀಟರಿನಲ್ಲಿ 600 ಎಂಎಂ ಇದ್ದರೆ 9 ಮಿಲಿಮೀಟರ್. ನಿಮ್ಮ ಸೆನ್ಸರಿನ ಅಗಲ 22.3 ಮಿಲಿಮೀಟರ್ ಆಗಿರುವುದರಿಂದ ಚೌಕಟ್ಟಿನ ಐದರಲ್ಲಿ ಎರಡು ಪಾಲನ್ನು ಆಗ ಹಕ್ಕಿಯೇ ತುಂಬುತ್ತದೆ. ಹತ್ತಿರವಿರುವ ಸಣ್ಣದನ್ನು ದೊಡ್ಡದು ಮಾಡುವ ಕೆಲಸವನ್ನು 600 ಎಂಎಂ ಲೆನ್ಸ್ ಚೆನ್ನಾಗಿ ಮಾಡುತ್ತದೆ. ಕೆರೆಯ ಆಚೆ ದಂಡೆಯನ್ನು ಈಚೆಗೆ ಎಳೆದು ತರುವ ಕೆಲಸ ಅದರಿಂದ ಆಗದು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹಣ ಬಿಚ್ಚಿದರೆ ಮುಂದೆ ನಿರಾಶೆ ಇರುವುದಿಲ್ಲ.

ಇನ್ನು ಆಯ್ಕೆಯ ಮಾತು. ಕೈಗೆಟಕುವ ಬೆಲೆಯಲ್ಲಿ 600 ಎಂಎಂ ಸಿಗುವಂತಾದದ್ದು 2013ರ ಕೊನೆಯಲ್ಲಿ ಟ್ಯಾಮ್ರಾನ್ ತನ್ನ 150-600 ಅನ್ನು ಪ್ರಕಟಿಸಿದ ಮೇಲೆ. ಮರುವರ್ಷ ಸಿಗ್ಮಾ ಅದೇ ವ್ಯಾಪ್ತಿಯ ಎರಡು ಲೆನ್ಸ್‌ಗಳನ್ನು ಪ್ರಕಟಿಸಿತು: ಹಗುರವಾದ ಕಂಟೆಂಪರರಿ ಮತ್ತು 2.8 ಕಿಲೋಗ್ರಾಂ ದಾಟುವ ಸ್ಪೋರ್ಟ್ಸ್. 2016ರಲ್ಲಿ ಟ್ಯಾಮ್ರಾನ್‌ನ ಎರಡನೆಯ ಪೀಳಿಗೆ, ಅಂದರೆ ಜಿ2, ಬಂತು. ನಿಮ್ಮ ಮೊತ್ತಕ್ಕೆ ಹೊಸದಕ್ಕಿಂತ ಚೆನ್ನಾಗಿ ಇಟ್ಟುಕೊಂಡ ಬಳಸಿದ ಲೆನ್ಸ್ ಹುಡುಕುವುದು ಸರಿಯಾದ ದಾರಿ, ಮತ್ತು ಅವುಗಳಲ್ಲಿ ನಾನು ನಿಮಗೆ ಸೂಚಿಸುವುದು ಸಿಗ್ಮಾ ಕಂಟೆಂಪರರಿ. ಕಾರಣ ಇಷ್ಟೇ. 200ಡಿ ಕ್ಯಾಮೆರಾದಲ್ಲಿ ಫೋಕಸ್ಸಿನ ಸಣ್ಣ ವ್ಯತ್ಯಾಸವನ್ನು ತಿದ್ದಿಕೊಳ್ಳುವ ಸೌಲಭ್ಯವಿಲ್ಲ. ಸಿಗ್ಮಾ ಲೆನ್ಸನ್ನು ಅದರ ಯುಎಸ್‌ಬಿ ಡಾಕ್ ಎಂಬ ಪುಟ್ಟ ಉಪಕರಣದ ಮೂಲಕ ಕಂಪ್ಯೂಟರಿಗೆ ಜೋಡಿಸಿ ಮನೆಯಲ್ಲೇ ತಿದ್ದಬಹುದು. ಟ್ಯಾಮ್ರಾನ್ ಜಿ2 ಲೆನ್ಸಿಗೂ ಅಂಥ ಉಪಕರಣವಿದೆ, ಮೊದಲನೆಯ ಪೀಳಿಗೆಯದಕ್ಕೆ ಇಲ್ಲ. ಚಿತ್ರದ ಗುಣಮಟ್ಟದಲ್ಲಿ ಇವುಗಳ ನಡುವಿನ ಅಂತರ ಬೆಳಗಿನ 7 ಗಂಟೆಯ ಬೆಳಕಿಗೂ 11 ಗಂಟೆಯ ಬೆಳಕಿಗೂ ಇರುವ ಅಂತರಕ್ಕಿಂತ ಬಹಳ ಚಿಕ್ಕದು.

600 ಎಂಎಂನಲ್ಲಿ ಸಿಗ್ಮಾ ಕಂಟೆಂಪರರಿಯ ಅತಿ ದೊಡ್ಡ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/6.3; ಈ ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ನಿಮ್ಮ 250ರ ತುದಿಯಲ್ಲಿ ಈಗಿರುವುದು ಎಫ್/5.6 ಆದ್ದರಿಂದ ಬೆಳಕಿನಲ್ಲಿ ನಿಮಗೆ ದೊಡ್ಡ ನಷ್ಟ ಅನ್ನಿಸದು. ಲಕ್ಷಗಟ್ಟಲೆ ಬೆಲೆಯ 600 ಎಂಎಂ ಎಫ್/4 ಲೆನ್ಸ್ ಇದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು ಬೆಳಕು ತರುತ್ತದೆ. ಹಣ ಹೋಗುವುದು ಹೆಚ್ಚಾಗಿ ಆ ಎರಡೂವರೆ ಪಟ್ಟಿಗೆ.

ಬಳಕೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಹೆಬ್ಬಾತುಗಳು ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ ಕೆರೆಗೆ ಮರಳುತ್ತವೆ. ಸೂರ್ಯೋದಯಕ್ಕೆ ಮೊದಲೇ ಏರಿಯ ಒಂದು ಕಡೆ, ಸೂರ್ಯ ಬೆನ್ನಿಗೆ ಬರುವಂತೆ ಕುಳಿತು ಅಲುಗಾಡದೆ ಕಾದರೆ ಹಿಂಡು ತಾನಾಗಿಯೇ ತಲೆಯ ಮೇಲೆ ಹಾಯ್ದು ಇಳಿಯುತ್ತದೆ. ಆಗ 250 ಎಂಎಂ ಕೂಡ ಸಾಕಾಗುವ ಗಳಿಗೆಗಳಿರುತ್ತವೆ. ಹಾರುವ ಹಕ್ಕಿಗೆ ಶಟರ್ ಸ್ಪೀಡ್ 1/1600 ಸೆಕೆಂಡಿಗಿಂತ ಕೆಳಗೆ ಇಳಿಸಬೇಡಿ, ಅದಕ್ಕಾಗಿ ಐಎಸ್‌ಓ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) 800 ಅಥವಾ 1600ಕ್ಕೆ ಏರಿದರೆ ಏರಲಿ. ಚಿತ್ರದಲ್ಲಿ ಕಾಳು ಕಾಳು ಕಂಡರೆ ಆಮೇಲೆ ಕಡಿಮೆ ಮಾಡಬಹುದು, ಅಲುಗಿದ ಹಕ್ಕಿಯನ್ನು ಯಾವ ತಂತ್ರಾಂಶವೂ ನಿಲ್ಲಿಸಲಾರದು. ಲೆನ್ಸಿನ ಸ್ಟೆಬಿಲೈಸರ್ ನಿಮ್ಮ ಕೈಯ ನಡುಕವನ್ನು ಮಾತ್ರ ತಡೆಯುತ್ತದೆ, ರೆಕ್ಕೆಯ ಬಡಿತವನ್ನು ಅಲ್ಲ. ಚಿತ್ರಕ್ಕಾಗಿ ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಿಂಡನ್ನು ಎಬ್ಬಿಸುವವರನ್ನು ಕಂಡಿದ್ದೇನೆ. ಹಿಮಾಲಯ ದಾಟಿ ಬಂದು ದಣಿದ ಜೀವಗಳವು. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ ಅದು. ಮಕ್ಕಳಿಗೆ ಈ ಮಾತನ್ನು ನೀವೇ ಹೇಳಿದರೆ ನನಗಿಂತ ಚೆನ್ನಾಗಿ ನಾಟುತ್ತದೆ.

ಪ್ರಶ್ನೆ (ರಾಣೆಬೆನ್ನೂರಿನ ಬೀಜದ ವ್ಯಾಪಾರಿ): ಸರ್, ನನ್ನದು ನಿಕಾನ್ 200-500 ಎಫ್/5.6. ಇಲ್ಲಿನ ಅಭಯಾರಣ್ಯದಲ್ಲಿ ಅಂಗಡಿಯ ಬಿಡುವು ನೋಡಿಕೊಂಡು ಮಧ್ಯಾಹ್ನ ಕೃಷ್ಣಮೃಗಗಳ ಚಿತ್ರ ತೆಗೆಯುತ್ತೇನೆ. ಟ್ರೈಪಾಡ್ ಇದೆ, ಶಟರ್ 1/2000 ಇದೆ, ಆದರೂ ಕೊಂಬಿನ ಸುರುಳಿ ಕಲಸಿದಂತೆ ಕಾಣುತ್ತದೆ. ಹತ್ತಿರದ ನವಿಲು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಲೆನ್ಸ್ ಕೆಟ್ಟಿದೆಯೇ?

ಉತ್ತರ: ಲೆನ್ಸ್ ಕೆಟ್ಟಿಲ್ಲ. ಹತ್ತಿರದ ನವಿಲು ಸ್ಪಷ್ಟವಾಗಿ ಬರುತ್ತಿರುವುದೇ ಅದಕ್ಕೆ ಸಾಕ್ಷಿ. ನಿಮಗೂ ಚಿಗರಿಗೂ ನಡುವೆ ಇರುವ ಗಾಳಿ ಕೆಟ್ಟಿದೆ. ಬಿಸಿಲಿಗೆ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ; ಬಿಸಿ ಗಾಳಿ ಮೇಲೇರಿ ತಣ್ಣನೆಯದು ಕೆಳಗಿಳಿಯುವಾಗ ಬೆಳಕಿನ ಕಿರಣ ಪ್ರತಿ ಕ್ಷಣವೂ ಬೇರೆ ಬೇರೆ ಕಡೆಗೆ ಬಾಗುತ್ತದೆ. ನಾವು ಬಿಸಿಲುಗುದುರೆ ಎನ್ನುವುದಕ್ಕೆ ಮೂಲವೂ ಈ ಕಾದ ಗಾಳಿಯೇ. ಬರಿಗಣ್ಣಿಗೆ ಅಷ್ಟಾಗಿ ಕಾಣದ ಆ ನಡುಕವನ್ನು 500 ಎಂಎಂ ಲೆನ್ಸ್ ಚಿಗರಿಯ ಜೊತೆಗೇ ದೊಡ್ಡದು ಮಾಡಿ ತೋರಿಸುತ್ತದೆ.

ನಾನು ಇಂಥ ಲೆನ್ಸ್ ಕೊಂಡ ಮೊದಲ ವರ್ಷ ಗದಗದ ಕಡೆಯ ಎರೆಹೊಲಗಳ ಅಂಚಿನಲ್ಲಿ ಮಧ್ಯಾಹ್ನವಿಡೀ ಕುಳಿತು ತೆಗೆದ ಚಿತ್ರಗಳಲ್ಲಿ ಒಂದೂ ಉಳಿಯಲಿಲ್ಲ. ಕ್ಯಾಮೆರಾದ ಪರದೆಯಲ್ಲಿ ಒಂದು ಚಿಗರಿಯ ಮುಖವನ್ನು ಹಿಗ್ಗಿಸಿ ನೋಡಿದೆ: ಕಣ್ಣಿನ ಸುತ್ತಲಿನ ಬಿಳಿ ಉಂಗುರ ಒಂದು ಚಿತ್ರದಲ್ಲಿ ಉದ್ದವಾಗಿತ್ತು, ಮರುಚಿತ್ರದಲ್ಲಿ ಚಪ್ಪಟೆಯಾಗಿತ್ತು, ಮೂರನೆಯದರಲ್ಲಿ ಎರಡಾಗಿ ಒಡೆದಿತ್ತು. ಪ್ರಾಣಿ ಕಲ್ಲಿನಂತೆ ನಿಂತಿತ್ತು. ತಪ್ಪು ಲೆನ್ಸಿನದಾಗಿದ್ದರೆ ಮೂರೂ ಚಿತ್ರ ಒಂದೇ ಬಗೆಯಲ್ಲಿ ಮಸುಕಾಗಬೇಕಿತ್ತು ಎಂಬುದು ಆಗ ಹೊಳೆಯಿತು. ನೀವೂ ಇದೇ ಪರೀಕ್ಷೆ ಮಾಡಿ. ಒಂದೇ ಉಸಿರಿನಲ್ಲಿ ಹತ್ತು ಚಿತ್ರ ತೆಗೆದು ಹೋಲಿಸಿದಾಗ ಮಸುಕು ಬದಲಾಗುತ್ತಿದ್ದರೆ ಅದು ಗಾಳಿಯದು.

ಇದಕ್ಕೆ ಕ್ಯಾಮೆರಾದಲ್ಲಿ ಮದ್ದಿಲ್ಲ, ಹೊತ್ತಿನಲ್ಲಿದೆ. ಬೆಳಗ್ಗೆ ಬಿಸಿಲು ಏರುವ ಮೊದಲು ಅಥವಾ ಮೋಡ ಮುಚ್ಚಿದ ದಿನ ಹೋಗಿ. ಅಂಗಡಿ ತೆರೆಯುವ ಮುಂಚಿನ ಎರಡು ಗಂಟೆ ನಿಮ್ಮ ಮಧ್ಯಾಹ್ನದ ಬಿಡುವಿಗಿಂತ ಹೆಚ್ಚು ಕೊಡುತ್ತದೆ. ಕಾರಿನೊಳಗಿಂದ ತೆಗೆಯುವುದಾದರೆ ಎಂಜಿನ್ ಆರಿಸಿ, ಬಾನೆಟ್ಟಿನ ಮೇಲಿಂದ ಗುರಿ ಹಿಡಿಯಬೇಡಿ. ಅಲ್ಲಿಂದಲೂ ಇದೇ ಝಳ ಏಳುತ್ತದೆ. ಏಸಿ ಹಾಕಿದ್ದರೆ ಕಿಟಕಿ ಇಳಿಸಿ ಒಳಗಿನ ಮತ್ತು ಹೊರಗಿನ ಗಾಳಿ ಸಮವಾಗುವವರೆಗೆ ಕಾಯಿರಿ.

ಕಿಟಕಿಗೆ ಟ್ರೈಪಾಡ್‌ಗಿಂತ ಚೀಲ ಒಳ್ಳೆಯದು. ಹಳೆಯ ಜೀನ್ಸ್ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ಕತ್ತರಿಸಿ, ಒಂದು ತುದಿ ಹೊಲಿದು, ಎರಡು ಕಿಲೋ ಜೋಳ ತುಂಬಿ, ಇನ್ನೊಂದು ತುದಿಯನ್ನೂ ಹೊಲಿಯಿರಿ. ತೀರ ಬಿಗಿಯಾಗಿ ತುಂಬಬಾರದು, ಲೆನ್ಸ್ ಇಟ್ಟಾಗ ಜೋಳ ಸರಿದು ಅದಕ್ಕೆ ತೊಟ್ಟಿಲಾಗಬೇಕು. ಸುಮಾರು 2.3 ಕಿಲೋ ತೂಗುವ ನಿಮ್ಮ ಲೆನ್ಸ್ ಅದರ ಮೇಲೆ ಅಲುಗದೆ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಜೋಳ ಬದಲಿಸಿ, ಇಲ್ಲವಾದರೆ ನುಸಿ ಬೀಳುತ್ತದೆ.

ಪ್ರಶ್ನೆ (ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ): ಸರ್, 150-600 ಲೆನ್ಸಿಗೆ 1.4 ಪಟ್ಟಿನ ಟೆಲಿಕನ್ವರ್ಟರ್ (ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ, ಚಿತ್ರ ಹಿಗ್ಗಿಸುವ ಗಾಜು) ಹಾಕಿದರೆ 840 ಎಂಎಂ ಆಗುತ್ತದಲ್ಲವೇ? ಅದು ಅಗ್ಗದ ದಾರಿಯಲ್ಲವೇ?

ಉತ್ತರ: ಆಗುತ್ತದೆ ತಂಗಿ, ಆದರೆ ಬೆಳಕು ಅರ್ಧಕ್ಕೆ ಇಳಿದು ಎಫ್/6.3 ಹೋಗಿ ಎಫ್/9 ಆಗುತ್ತದೆ. ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಆಟೊಫೋಕಸ್ ಅಷ್ಟು ಕತ್ತಲೆಯಲ್ಲಿ ತಡಕಾಡುತ್ತದೆ ಇಲ್ಲವೇ ನಿಂತೇಬಿಡುತ್ತದೆ. ಆ ಹಣ ಉಳಿಸಿ. ಕೆಳಗೇರಿ ಕೆರೆಯಲ್ಲಿ ಮಿಂಚುಳ್ಳಿ ಕೂರುವ ಕೊಂಬೆಯನ್ನು ನಾಲ್ಕು ದಿನ ನೋಡಿಟ್ಟುಕೊಂಡು ಹತ್ತು ಮೀಟರ್ ಹತ್ತಿರ ಕುಳಿತರೆ ಕನ್ವರ್ಟರ್ ನೆನಪಾಗುವುದಿಲ್ಲ.

ಪ್ರಶ್ನೆ (ಬ್ಯಾಡಗಿಯ ಮೆಣಸಿನಕಾಯಿ ವರ್ತಕರು): ಬಳಸಿದ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು? ಹಿಂದೆ ಒಬ್ಬರು ನನಗೆ ಫಂಗಸ್ ಹಿಡಿದ ಲೆನ್ಸ್ ದಾಟಿಸಿ ಕೈತೊಳೆದುಕೊಂಡರು.

ಉತ್ತರ: ಸಾಹುಕಾರರೇ, ಮೆಣಸಿನಕಾಯಿಯನ್ನು ಬಣ್ಣ ನೋಡಿ, ಕೈಯಲ್ಲಿ ಮುರಿದು ಕೊಳ್ಳುವ ನಿಮಗೆ ಪರೀಕ್ಷೆಯ ಬೆಲೆ ಗೊತ್ತು, ಲೆನ್ಸನ್ನೂ ಫೋಟೊ ನೋಡಿ ಕೊಳ್ಳದೆ ಕೈಯಲ್ಲಿ ಹಿಡಿದೇ ಕೊಳ್ಳಿ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಮೊಬೈಲಿನ ಟಾರ್ಚನ್ನು ಓರೆಯಾಗಿ ಬಿಟ್ಟು ಮುಂದಿನ ಗಾಜಿನಿಂದ ಒಳಗೆ ನೋಡಿ. ಧೂಳಿನ ನಾಲ್ಕು ಕಣ ಕಂಡರೆ ಚಿಂತೆಯಿಲ್ಲ, ಉದ್ದ ಚಾಚುವ ಝೂಮ್ ಗಾಳಿಯನ್ನು ಎಳೆದುಕೊಳ್ಳುವುದರಿಂದ ಧೂಳು ಬಂದೇ ಬರುತ್ತದೆ. ಜೇಡರ ಬಲೆಯ ಎಳೆಯಂತೆ ಕವಲೊಡೆದದ್ದು ಅಂಚಿನಿಂದ ಒಳಕ್ಕೆ ಹಬ್ಬಿದ್ದರೆ ಅದು ಫಂಗಸ್. ಬೆಲೆ ಎಷ್ಟೇ ಇಳಿಸಿದರೂ ಬೇಡ. ಆಮೇಲೆ ಝೂಮನ್ನು 150ರಿಂದ 600ರವರೆಗೆ ನಿಧಾನವಾಗಿ ತಿರುಗಿಸಿ. ಎಲ್ಲಿಯಾದರೂ ಕರಕರ ಎಂದರೆ ಅಥವಾ ಚಾಚಿದ ಕೊಳವೆ ಅಲುಗಾಡಿದರೆ ಬಿದ್ದ ಲೆನ್ಸ್ ಎಂದು ಅನುಮಾನಿಸಬೇಕು. ಫಿಲ್ಟರ್ ತಿರುಪಿನ 95 ಎಂಎಂ ಅಂಚು ಜಜ್ಜಿದೆಯೇ ನೋಡಿ. ನಿಮ್ಮ ಕ್ಯಾಮೆರಾಕ್ಕೆ ಹಾಕಿ ಸ್ಟೆಬಿಲೈಸರ್ ಆನ್ ಮಾಡಿ, ಬಟನ್ ಅರ್ಧ ಒತ್ತಿದಾಗ ವ್ಯೂಫೈಂಡರಿನ, ಅಂದರೆ ಕಣ್ಣಿಟ್ಟು ನೋಡುವ ಕಿಂಡಿಯ, ಚಿತ್ರ ನೆಟ್ಟಗೆ ನಿಲ್ಲಬೇಕು, ಕುಣಿಯಬಾರದು. ಕೊನೆಗೆ 600ರಲ್ಲಿ ದೂರದ ಒಂದು ಬೋರ್ಡಿನ ಅಕ್ಷರಗಳನ್ನು ತೆಗೆದು ನಾಲ್ಕೂ ಮೂಲೆಗಳನ್ನು ಹೋಲಿಸಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಸರಿದಿರುತ್ತದೆ.

ಕೊಂಡ ಮೇಲೆ ಬಟ್ಟೆಯ ತಿಜೋರಿಯಲ್ಲಿ ಚರ್ಮದ ಕೇಸಿನ ಸಮೇತ ಇಡಬೇಡಿ. ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಬಳಸದಿದ್ದರೂ ಆಗಾಗ ಹೊರತೆಗೆದು ನೋಡುತ್ತಿರಿ.

ಪ್ರಶ್ನೆ (ಹುಬ್ಬಳ್ಳಿಯ ಬ್ಯಾಂಕ್ ಉದ್ಯೋಗಿ): ನಾನು ಹೊಸದಾಗಿ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾ ಕೊಳ್ಳುವವನು. ನನಗೂ ಇದೇ ಸಲಹೆಯೇ?

ಉತ್ತರ: ನಿಮ್ಮ ದಾರಿ ಬೇರೆ. ಕ್ಯಾನನ್ ಆದರೆ ಆರ್‌ಎಫ್ 100-400 ಲೆನ್ಸ್ 635 ಗ್ರಾಂ ಮಾತ್ರ, ತುದಿಯಲ್ಲಿ ಎಫ್/8. ಸಂಜೆಯ ಬೆಳಕಿನಲ್ಲಿ ಸೋಲುತ್ತದೆ, ಆದರೆ ಬ್ಯಾಂಕಿನ ಬ್ಯಾಗಿನಲ್ಲಿ ಹಿಡಿಯುವಷ್ಟು ಹಗುರವಾದ್ದರಿಂದ ಉಣಕಲ್ ಕೆರೆಗೆ ದಿನವೂ ಹೋಗುವಿರಿ; ದಿನವೂ ಹೋಗುವ ಸಣ್ಣ ಲೆನ್ಸ್ ಮನೆಯಲ್ಲೇ ಉಳಿಯುವ ದೊಡ್ಡದಕ್ಕಿಂತ ಮೇಲು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೂ ಹೆಚ್ಚು ಖರ್ಚು ಮಾಡಬಲ್ಲಿರಾದರೆ ಸೋನಿಯ 200-600 ಮತ್ತು ನಿಕಾನಿನ ಝಡ್ 180-600 ಎರಡೂ ಝೂಮ್ ಮಾಡಿದಾಗ ಉದ್ದವಾಗುವುದಿಲ್ಲ, ಹಾಗಾಗಿ ತೂಕದ ಸಮತೋಲ ಕೈಯಲ್ಲಿ ಹಾಗೆಯೇ ಉಳಿಯುತ್ತದೆ.

ಮರುಪ್ರಶ್ನೆ (ಗದಗದ ಶಿಕ್ಷಕರು): ಸರ್, ನೀವು ಹೇಳಿದಂತೆ ಸಿಗ್ಮಾ ಕಂಟೆಂಪರರಿ ಬಳಸಿದ್ದು ಸಿಕ್ಕಿತು, ಗಾಜು ಶುಭ್ರವಾಗಿದೆ. ಆದರೆ 600ರಲ್ಲಿ ವ್ಯೂಫೈಂಡರ್ ನೋಡಿ ತೆಗೆದ ಚಿತ್ರ ಮಂಕು, ಹಿಂದಿನ ಪರದೆ ನೋಡಿ ತೆಗೆದದ್ದು ಹರಿತ. ಬೆಳಗಿನ ಹೊತ್ತು, ಝಳ ಇರಲಿಲ್ಲ.

ಉತ್ತರ: ಗುರುಗಳೇ, ರೋಗವನ್ನು ನೀವೇ ಅರ್ಧ ಹಿಡಿದಿದ್ದೀರಿ. ಪರದೆಯಲ್ಲಿ ತೆಗೆಯುವಾಗ ಸೆನ್ಸರೇ ಫೋಕಸ್ ಅಳೆಯುತ್ತದೆ, ವ್ಯೂಫೈಂಡರಿನಲ್ಲಿ ಬೇರೆಯೇ ಒಂದು ಅಳತೆಯ ಭಾಗ ಆ ಕೆಲಸ ಮಾಡುತ್ತದೆ; ಆ ಭಾಗಕ್ಕೂ ಲೆನ್ಸಿಗೂ ಹೊಂದಿಕೆ ತುಸು ತಪ್ಪಿದೆ. ಶಾಲೆಯ ಅಂಗಳದಲ್ಲಿ ಏಳು ಸೀಮೆಸುಣ್ಣದ ಡಬ್ಬಿಗಳನ್ನು ಒಂದರ ಹಿಂದೊಂದು 10 ಸೆಂಟಿಮೀಟರ್ ಅಂತರದಲ್ಲಿ, ಎಲ್ಲವೂ ಕಾಣುವಂತೆ ಓರೆ ಸಾಲಿನಲ್ಲಿ ಜೋಡಿಸಿ. 15 ಮೀಟರ್ ದೂರದಿಂದ ಟ್ರೈಪಾಡಿನ ಮೇಲೆ, ಎಫ್/6.3ರಲ್ಲಿ, ನಡುವಿನ ಡಬ್ಬಿಗೆ ಫೋಕಸ್ ಮಾಡಿ ವ್ಯೂಫೈಂಡರಿನಿಂದ ಐದು ಚಿತ್ರ ತೆಗೆಯಿರಿ; ಪ್ರತಿ ಸಲವೂ ಫೋಕಸ್ ಕೆಡಿಸಿ ಮತ್ತೆ ಹಿಡಿಯಬೇಕು. ಆ ದೂರದಲ್ಲಿ ಹರಿತವಾಗಿ ಕಾಣುವ ಆಳ ಸುಮಾರು 15 ಸೆಂಟಿಮೀಟರ್ ಮಾತ್ರ ಆದ್ದರಿಂದ, ಫೋಕಸ್ ಮುಂದಿನ ಡಬ್ಬಿಗೆ ಹೋಗುತ್ತಿದೆಯೋ ಹಿಂದಿನದಕ್ಕೋ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಡಾಕ್‌ನಲ್ಲಿ ನಾಲ್ಕು ಫೋಕಲ್ ಲೆಂತ್‌ಗಳಿಗೆ ನಾಲ್ಕು ನಾಲ್ಕು ದೂರಗಳಂತೆ ತಿದ್ದುಪಡಿ ತುಂಬುವ 16 ಮನೆಗಳಿವೆ. ಎಲ್ಲವನ್ನೂ ಒಮ್ಮೆಗೇ ಮುಟ್ಟಬೇಡಿ, ಮೊದಲು 600ರ ಸಾಲನ್ನಷ್ಟೇ ತಿದ್ದಿ. ಐದೂ ಚಿತ್ರಗಳನ್ನು ಇಲ್ಲಿ ಹಾಕಿದರೆ ಯಾವ ಕಡೆಗೆ ಎಷ್ಟು ಸರಿಸಬೇಕೆಂದು ನೋಡಿ ತಿಳಿಸುತ್ತೇನೆ.