ಪದಚರ್ಚೆ: ‘ಬಿಪಿಯಿಂದ ಕಿಡ್ನಿ’ ಸರಿ, ‘ಕಿಡ್ನಿಯಿಂದ ಬಿಪಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಾರ್ಚ್ ತಿಂಗಳ ಎರಡನೇ ಗುರುವಾರ ವಿಶ್ವ ಕಿಡ್ನಿ ದಿನ. ಅದಕ್ಕೆಂದು ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಓದುವವರು ಹೆಚ್ಚಾಗಿ ಹಳ್ಳಿಯ ಹಿರಿಯರು, ಆಶಾ ಕಾರ್ಯಕರ್ತೆಯರು. ಕೆಲವು ಪದಗಳು ತಲೆ ತಿನ್ನುತ್ತಿವೆ.

ಅಂಗದ ಹೆಸರಿನದು ದೊಡ್ಡ ತಕರಾರಲ್ಲ. ‘ಮೂತ್ರಜನಕಾಂಗ’ ಎಂದರೆ ಅರ್ಧ ಜನ ಜನನಾಂಗ ಅಂದುಕೊಳ್ಳುತ್ತಾರೆ. ‘ಮೂತ್ರಪಿಂಡ’ವನ್ನು ಮೂತ್ರಕೋಶದ ಜೊತೆ ಕಲಸಿಕೊಳ್ಳುವವರೂ ಇದ್ದಾರೆ. ‘ಕಿಡ್ನಿ’ ಎಲ್ಲರಿಗೂ ಗೊತ್ತು. ಹಾಗೇ ಬರೆಯುತ್ತೇನೆ, ಇದಕ್ಕೆ ಜಗಳ ಬೇಡ.

‘ರಕ್ತದೊತ್ತಡ’ದಲ್ಲಿ ಸ್ವಲ್ಪ ತೊಡಕಿದೆ. ಈಗ ‘ಒತ್ತಡ’ ಅಂದರೆ ಕೆಲಸದ ಒತ್ತಡ, ಮನಸ್ಸಿನ ಒತ್ತಡ. ಇಂಗ್ಲಿಷಿನ ಹೈಪರ್‌ಟೆನ್ಶನ್ ಕೂಡ ನಮ್ಮ ಬಾಯಲ್ಲಿ ‘ಟೆನ್ಶನ್ ಜಾಸ್ತಿ’ ಆಗಿಬಿಟ್ಟಿದೆ. ‘ನನಗೆ ಯಾವ ಟೆನ್ಶನ್ನೂ ಇಲ್ಲ, ಬಿಪಿ ಹೇಗೆ ಬರುತ್ತೆ?’ ಎಂದು ಕೇಳುವವರಿಗೆ ಉತ್ತರ ಹೇಳಬೇಕಲ್ವಾ? ಇಲ್ಲಿರುವುದು ರಕ್ತನಾಳದ ಗೋಡೆಯ ಮೇಲೆ ರಕ್ತ ಹಾಕುವ ಒತ್ತಡ, ಅಷ್ಟೇ. ಸಮಾಧಾನದ ಮನುಷ್ಯನಿಗೂ ಅದು 160/100 ಇರಬಹುದು, ಒಂದು ತಲೆನೋವೂ ಇಲ್ಲದೆ.

ನನ್ನ ನಿಜವಾದ ಪ್ರಶ್ನೆ ‘-ಇಂದ’ದ ಬಗ್ಗೆ. ಕರಪತ್ರಗಳಲ್ಲೆಲ್ಲ ‘ಬಿಪಿಯಿಂದ ಕಿಡ್ನಿ ಹಾಳಾಗುತ್ತದೆ’ ಎಂದಿರುತ್ತದೆ. ಸುಳ್ಳಲ್ಲ. ಒಂದೊಂದು ಕಿಡ್ನಿಯಲ್ಲಿ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಒತ್ತಡ ವರ್ಷಗಟ್ಟಲೆ ಹೆಚ್ಚಿದ್ದರೆ ಅವುಗಳಿಗೆ ರಕ್ತ ತರುವ ಸಣ್ಣ ನಾಳಗಳು ದಪ್ಪಗಾಗಿ ಗಟ್ಟಿಯಾಗುತ್ತವೆ. ಸೋಸುವ ಜಾಲರಿ ಹಾಳಾಗಿ ಮೂತ್ರದಲ್ಲಿ ಪ್ರೋಟೀನ್ ಸೋರುತ್ತದೆ.

ಆದರೆ ದಾರಿ ಎರಡೂ ಕಡೆಗಿದೆ. ಕಿಡ್ನಿ ಸೊರಗಿದರೆ ಉಪ್ಪು, ನೀರು ಸರಿಯಾಗಿ ಹೊರಹೋಗುವುದಿಲ್ಲ. ರಕ್ತದ ಪ್ರಮಾಣ ಏರುತ್ತದೆ, ಬಿಪಿಯೂ ಏರುತ್ತದೆ. ತನಗೆ ರಕ್ತ ಸಾಲುತ್ತಿಲ್ಲ ಎನಿಸಿದರೆ ಕಿಡ್ನಿ ರೆನಿನ್ ಎಂಬ ರಸ ಬಿಡುತ್ತದೆ. ಅದರಿಂದ ಶುರುವಾಗುವ ಸರಪಳಿ ಮೈಯೆಲ್ಲದರ ರಕ್ತನಾಳಗಳನ್ನು ಬಿಗಿಯುತ್ತದೆ, ಉಪ್ಪನ್ನೂ ಹಿಡಿದಿಡುತ್ತದೆ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ನಾಳವನ್ನು ಅರೆಬರೆ ಬಿಗಿದು ಬಿಪಿ ಏರುವುದನ್ನು ತೋರಿಸಿದರು. ಅದಕ್ಕೂ ಮುಂಚೆ, 1836ರಲ್ಲೇ, ಲಂಡನ್ನಿನ ರಿಚರ್ಡ್ ಬ್ರೈಟ್ ಕಿಡ್ನಿ ಕಾಯಿಲೆಯವರ ಹೃದಯ ದೊಡ್ಡದಾಗಿರುವುದನ್ನು ಬರೆದಿಟ್ಟಿದ್ದರು. ಬಿಪಿ ಬಹುಕಾಲ ಹೆಚ್ಚಿದ್ದರೆ ಹೃದಯ ಹೀಗೆ ದೊಡ್ಡದಾಗುತ್ತದೆ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ಅಳೆಯುವ ಸಾಧನ ಬಂದದ್ದು 1896ರಲ್ಲಿ! ಅಂದರೆ ಈ ನಂಟು ಕಿಡ್ನಿಯ ಕಡೆಯಿಂದಲೇ ಮೊದಲು ಕಣ್ಣಿಗೆ ಬಿದ್ದದ್ದು.

ಈ ಎರಡನೆಯದಕ್ಕೆ, ಅಂದರೆ ಕಿಡ್ನಿಯಿಂದ ಬರುವ ಬಿಪಿಗೆ, ನಮ್ಮಲ್ಲಿ ಪದ ಯಾವುದು? ‘ದ್ವಿತೀಯಕ ಅಧಿಕ ರಕ್ತದೊತ್ತಡ’ ಎಂದು ಬರೆಯುವುದುಂಟು. ಕೇಳಿದವರಿಗೆ ಕಾಯಿಲೆ ಎರಡನೇ ಹಂತಕ್ಕೆ ಹೋಗಿದೆ ಎನಿಸುತ್ತದೆ. ಬೇರೆ ಕಾಯಿಲೆಯಿಂದ ಬಂದದ್ದಲ್ಲದ ಬಿಪಿಗೆ ‘ಪ್ರಾಥಮಿಕ’ ಅಂದರೆ ಈಗಷ್ಟೇ ಶುರು ಎನಿಸುತ್ತದೆ. ಎರಡೂ ತಪ್ಪು. ‘ಕಿಡ್ನಿ ಮೂಲದ ಬಿಪಿ’ ಚೆನ್ನಾಗಿತ್ತು. ಆದರೆ ನಮ್ಮ ಕಡೆ ‘ಮೂಲ’ ಅಂದರೆ ಮೂಲವ್ಯಾಧಿ, ಸಭೆಯಲ್ಲಿ ನಗು ಗ್ಯಾರಂಟಿ. ‘ಜನ್ಯ’ ಹಾಕಿದರೆ ನಾಲಿಗೆ ಹೊರಳುವುದಿಲ್ಲ. ಸದ್ಯಕ್ಕೆ ‘ಕಿಡ್ನಿ ತಂದ ಬಿಪಿ’, ‘ಬಿಪಿ ತಂದ ಕಿಡ್ನಿ ಕಾಯಿಲೆ’ ಎಂದು ಬರೆದಿದ್ದೇನೆ. ನನಗೆ ಇದೇ ಇಷ್ಟ. ಯಾವುದು ಮೊದಲು ಬಂತೆಂದು ವೈದ್ಯರಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅಂಥ ಕಡೆ ‘ಬಿಪಿ–ಕಿಡ್ನಿ ನಂಟು’ ಎಂದು ಬಿಟ್ಟುಬಿಡಬಹುದೇ?

ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣವಿದೆ. ‘ಬಿಪಿ ಮಾತ್ರೆ ತಿಂದೂ ತಿಂದೂ ಕಿಡ್ನಿ ಹೋಯ್ತು’ ಎಂಬ ಮಾತು ಊರೂರಲ್ಲೂ ಇದೆ. ಕಿಡ್ನಿ ಮೊದಲೇ ಕೆಟ್ಟು, ಅದರಿಂದ ಬಿಪಿ ಬಂದು, ಆಮೇಲೆ ಮಾತ್ರೆ ಶುರುವಾಗಿರಬಹುದು. ದೂರು ಮಾತ್ರ ಮಾತ್ರೆಯ ಮೇಲೆ! ಜನ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥ ಬಿಪಿ ಮಾತ್ರೆಗಳು ಮೂತ್ರದಲ್ಲಿ ಪ್ರೋಟೀನ್ ಸೋರುವವರ ಕಿಡ್ನಿಯನ್ನು ಕಾಯುತ್ತವೆ. ಶುರುವಿನಲ್ಲಿ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ ಕಸ) ಸ್ವಲ್ಪ ಏರಬಹುದು, ಅದಕ್ಕೇ ರಕ್ತ ಪರೀಕ್ಷೆ ಮಾಡಿಸಿ ನೋಡುತ್ತಾರೆ. ಕಿಡ್ನಿ ಸೊರಗಿದವರು ನಿಜಕ್ಕೂ ಹೆದರಬೇಕಾದದ್ದು ಅಂಗಡಿಯಿಂದ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳಿಗೆ.

ಇನ್ನೊಂದು, ‘ಕಿಡ್ನಿ ಫೇಲ್’. ‘ವೈಫಲ್ಯ’ವೂ ಅದೇ ಜಾತಿ. ಮೂರು ತಿಂಗಳಿಗಿಂತ ಹೆಚ್ಚು ಕಾಲ ತೊಂದರೆ ಉಳಿದರೆ ಅದಕ್ಕೆ ಐದು ಹಂತ ಹೇಳುತ್ತಾರೆ. ಕಿಡ್ನಿ ರಕ್ತ ಸೋಸುವ ಪ್ರಮಾಣ (ನಿಮಿಷಕ್ಕೆ ಇಷ್ಟು ಮಿ.ಲೀ. ಎಂಬ ಲೆಕ್ಕ) 15ಕ್ಕಿಂತ ಕೆಳಗಿಳಿದ ಐದನೆಯದು ಮಾತ್ರ ‘ಫೇಲ್’. ಅದು 50 ಇರುವವರಿಗೂ ಫೇಲ್ ಎಂದರೆ ಅವರು ಡಯಾಲಿಸಿಸ್ ನೆನೆದು ಅಲ್ಲೇ ಕುಸಿಯುತ್ತಾರೆ. ‘ಕಿಡ್ನಿ ಸೊರಗಿದೆ’ ಎನ್ನಬಹುದೇ? ಉತ್ತರ ಕರ್ನಾಟಕದಲ್ಲಿ, ಕರಾವಳಿಯಲ್ಲಿ ‘ಸೊರಗು’ ಇದೇ ಅರ್ಥ ಕೊಡುತ್ತದೆಯೇ, ಇಲ್ಲ ಬರೀ ಮೈ ಬಡವಾಗುವುದಕ್ಕೇ ಹೇಳುತ್ತಾರೆಯೇ? ಆ ಕಡೆಯವರು ದಯವಿಟ್ಟು ತಿಳಿಸಿ. ಮುದ್ರಣಕ್ಕೆ ಕೊಡುವ ಮುಂಚೆ ತಿದ್ದಿಕೊಳ್ಳುತ್ತೇನೆ.