ಲಾಳ ತೆಗೆಸಬೇಕೋ, ಇಟ್ಟುಕೊಳ್ಳಬೇಕೋ?

ಪ್ರಶ್ನೆ: ಮೈಸೂರಿನ ಹೊರವಲಯದ ನಮ್ಮ ತೋಟದಲ್ಲಿ ಏಳು ವರ್ಷದ ಮಾರ್ವಾಡಿ ಹೆಣ್ಣುಕುದುರೆ ಇದೆ. ವಾರಕ್ಕೆ ನಾಲ್ಕು ದಿನ ಸವಾರಿ. ಬಹುಪಾಲು ಕೆಮ್ಮಣ್ಣಿನ ದಾರಿ, ಎರಡು ಕಿ.ಮೀ. ಮಾತ್ರ ಡಾಂಬರು. ನಾಲ್ಕೂ ಕಾಲಿಗೆ ಲಾಳ ಇದೆ. ತೆಗೆಸಬಹುದೇ? ಟಾಂಗಾದವರನ್ನು ಕೇಳಿದರೆ ಕುಂಟುತ್ತೆ ಅಂತಾರೆ.

ಲಾಳ ಕಟ್ಟುವವರ ಉತ್ತರ: ಟಾಂಗಾ ಕುದುರೆಯ ಮಟ್ಟಿಗೆ ಅವರ ಮಾತು ಸರಿ ಸರ್. ಗೊರಸು ತಿಂಗಳಿಗೆ ಬೆಳೆಯುವುದೇ 8–10 ಮಿ.ಮೀ.; ದಿನವಿಡೀ ಡಾಂಬರಿನ ಮೇಲೆ ಗಾಡಿ ಎಳೆದರೆ ಅದಕ್ಕಿಂತ ಬೇಗ ಸವೆಯುತ್ತದೆ. ನಿಮ್ಮದರ ಲೆಕ್ಕ ಬೇರೆ.

ಮೊದಲು ಅಂಗಾಲು ನೋಡಿ. ಎರಡೂ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿದಾಗ ತಗ್ಗಿದರೆ ಅಂಗಾಲು ತೆಳು, ಈಗಲೇ ತೆಗೆಸಬೇಡಿ. ಒಳಕ್ಕೆ ಬಟ್ಟಲಿನಂತೆ ಬಾಗಿದ್ದು ಗಟ್ಟಿಯಿದ್ದರೆ ಧೈರ್ಯವಾಗಿ ಮುಂದುವರಿಯಬಹುದು. ಹಿಂದೆ ಯಾವಾಗಲಾದರೂ ಲ್ಯಾಮಿನೈಟಿಸ್ (ಗೊರಸಿನೊಳಗೆ ಆಗುವ ನೋವಿನ ಉರಿಯೂತ) ಆಗಿದ್ದರೆ ಪಶುವೈದ್ಯರಿಗೆ ತೋರಿಸಿ ಎಕ್ಸ್‌ರೇ ಮಾಡಿಸದೆ ಲಾಳ ಮುಟ್ಟಲೇಬಾರದು.

ತೆಗೆಯುವಾಗ ಹೊರಗೆ ಮಡಚಿರುವ ಮೊಳೆತುದಿಗಳನ್ನು ಮೊದಲು ನೆಟ್ಟಗೆ ಮಾಡಬೇಕು. ಹಾಗೇ ಎಳೆದರೆ ಗೊರಸಿನ ಗೋಡೆ ಸಿಗಿದು ಬರುತ್ತದೆ. ಆಮೇಲೆ ಅರದಿಂದ ಅಂಚನ್ನು ಸುತ್ತಲೂ ದುಂಡಗೆ ಉಜ್ಜಿ. ಚೂಪಾಗಿ ಬಿಟ್ಟರೆ ಹಳೆಯ ಮೊಳೆತೂತುಗಳವರೆಗೂ ಚೂರು ಚೂರಾಗಿ ಒಡೆಯುತ್ತದೆ. ಆ ತೂತುಗಳು ಬೆಳೆದು ಕೆಳಗಿಳಿಯಲು ಎರಡು ಮೂರು ತಿಂಗಳು ಬೇಕು. ಅಂಗಾಲನ್ನು ಮಾತ್ರ ಕೆತ್ತಿಸಬೇಡಿ. ಅಂದವಾಗಿ ಕಾಣಲಿ ಎಂದು ಕೆತ್ತುವುದೇ ಎಷ್ಟೋ ಕುದುರೆಗಳ ಕುಂಟಿಗೆ ಕಾರಣ.

ಮೊದಲ ಎರಡು ವಾರ ಮಣ್ಣಿನ ಮೇಲೆ ನಡೆಸಿದರೆ ಸಾಕು. ಕೂದಲಿನ ಅಂಚಿನಿಂದ ಗೊರಸಿನ ಮುಂತುದಿಯವರೆಗೆ ಟೇಪಿನಲ್ಲಿ ಅಳೆದು ಬರೆದಿಡಿ, ಹದಿನೈದು ದಿನಕ್ಕೊಮ್ಮೆ ಮತ್ತೆ ಅಳೆಯಿರಿ. ಉಜ್ಜಿಸದೆಯೂ ಅಳತೆ ಇಳಿಯುತ್ತಾ ಹೋದರೆ ಲಾಳ ಬೇಕೆಂದೇ ಅರ್ಥ. ಜಲ್ಲಿಕಲ್ಲಿನ ಮೇಲೆ ಹೆಜ್ಜೆ ಗಿಡ್ಡವಾದರೂ ಸವಾರಿ ನಿಲ್ಲಿಸಿ.

ಪ್ರಶ್ನೆ: ಹಿಂಗಾಲಿನದು ಮಾತ್ರ ತೆಗೆಸಿದರೆ?

ಉತ್ತರ: ನಿಮಗೆ ಅದೇ ಒಳ್ಳೆಯದು. ಮೈಭಾರದ ಸುಮಾರು ನೂರಕ್ಕೆ 60 ಭಾಗ ಮುಂಗಾಲಿನ ಮೇಲೇ ಬೀಳುವುದರಿಂದ ಹಿಂಗಾಲು ಬೇಗ ಹೊಂದಿಕೊಳ್ಳುತ್ತದೆ. ಮುಂದಿನ ಲಾಳವನ್ನು ಐದಾರು ವಾರಕ್ಕೊಮ್ಮೆ ಬಿಚ್ಚಿ, ಗೊರಸು ಕತ್ತರಿಸಿ, ಮತ್ತೆ ಕಟ್ಟಿಸಿ. ತಡಮಾಡಿದರೆ ಬೆಳೆದ ಗೊರಸಿನ ಜೊತೆ ಲಾಳವೂ ಮುಂದೆ ಸರಿದು ಹಿಮ್ಮಡಿಗೆ ಆಸರೆ ತಪ್ಪುತ್ತದೆ.

ಪಶುವೈದ್ಯರ ಮಾತು: ಮಳೆಗಾಲದಲ್ಲಿ ಶುರುಮಾಡಬೇಡಿ. ಒದ್ದೆ ನೆಲದಲ್ಲಿ ಗೊರಸು ಮೆತ್ತಗಾಗುತ್ತದೆ. ಅಂಗಾಲಿನ ನಡುವಿನ ಮೂರುಮೂಲೆಯ ಮೆತ್ತನೆ ಭಾಗದ ಸಂದಿಯಲ್ಲಿ ಕಪ್ಪು ಕೊಳೆ, ಕೆಟ್ಟ ನಾತ ಇದ್ದರೆ ಮೊದಲು ಅದನ್ನು ವಾಸಿ ಮಾಡಿಸಿ. ಲಾಯ ಒಣಗಿರಲಿ, ದಿನವೂ ಗೊರಸು ಕೆರೆದು ಶುಚಿ ಮಾಡಿ.