ತಮ್ಮನ ಪುಸ್ತಕದಲ್ಲಿ ಏನು ಬರೆಯಬೇಕು? ಅನುಭವ ಇರುವವರು ಹೇಳಿ

ದಾವಣಗೆರೆಯಿಂದ, ಕೇಳುತ್ತಿರುವವಳು:
ನನ್ನ ತಮ್ಮನಿಗೆ 24 ವರ್ಷ. ಯಾರೂ ಇಲ್ಲದಾಗಲೂ ಬೈಯುವ ಧ್ವನಿ ಕೇಳಿಸುತ್ತದೆ. ಸೈಕೋಸಿಸ್ (ಇಲ್ಲದ್ದು ನಿಜ ಅನಿಸುವ ಮನಸ್ಸಿನ ಕಾಯಿಲೆ) ಅಂದಿದ್ದಾರೆ, ಮಾತ್ರೆ ನಡೆಯುತ್ತಿದೆ. ಧ್ವನಿ ಬಂದಾಗ ಅವನು ಏನು ಮಾಡುತ್ತಾನೆ ಅಂತ ಬರೆದು ತನ್ನಿ ಅಂದರು ಡಾಕ್ಟರ್. ಮೂರು ದಿನವೂ ನಾನು "ಇವತ್ತು ಪರವಾಗಿಲ್ಲ" ಅಂತಷ್ಟೇ ಬರೆದಿದ್ದೇನೆ. ನೀವು ಹೇಗೆ ಬರೆದಿರಿ?

ಚಿತ್ರದುರ್ಗದಿಂದ:
ಮೊದಲು ನನ್ನ ತಪ್ಪು ಹೇಳಿಬಿಡ್ತೀನಿ ಅಕ್ಕ. ಅಣ್ಣನಿಗೆ ಗೊತ್ತಾಗದ ಹಾಗೆ ಬರೆಯುತ್ತಿದ್ದೆ. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟಿದ್ದ ಪುಸ್ತಕ ಒಂದಿನ ಅವನಿಗೇ ಸಿಕ್ಕಿತು. ಮೊದಲೇ ಯಾರೋ ತನ್ನ ಮೇಲೆ ಕಣ್ಣಿಟ್ಟಿದ್ದಾರೆ ಅನ್ನುವವನು, ಸಾಕ್ಷಿಯೇ ಸಿಕ್ಕಂತಾಯಿತು ಅಲ್ವಾ! ಹದಿನೈದು ದಿನ ನಾನು ಬಡಿಸಿದ್ದು ಮುಟ್ಟಲಿಲ್ಲ. ಆಮೇಲೆ ಪುಸ್ತಕ ಅವನ ಕೈಗೇ ಕೊಟ್ಟೆ. "ಸಂಜೆ ಜಾಸ್ತಿ. ಹಾಡು ಹಾಕಿದೆ, ಸ್ವಲ್ಪ ಕಮ್ಮಿ. ವಾಪಸ್ ಬೈದೆ, ಇನ್ನೂ ಜೋರಾಯ್ತು." ಇಷ್ಟೇ ಬರೆದಿದ್ದ. ನನ್ನ ಮೂರು ಪುಟ ಬಿಟ್ಟು ಡಾಕ್ಟರ್ ಇದನ್ನೇ ಓದಿದರು.

ಹರಿಹರದಿಂದ, ಮನಶ್ಶಾಸ್ತ್ರ ಓದುತ್ತಿರುವವನು:
ಇದನ್ನು ಅಳೆಯೋಕೆ ಪ್ರಶ್ನೆಪಟ್ಟಿಗಳಿವೆ. 1999ರ ಸೈರಾಟ್ಸ್ ಅನ್ನುವ ಪಟ್ಟಿಯಲ್ಲಿ ಧ್ವನಿಯ ಬಗ್ಗೆ 11 ಅಂಶ. ಎಷ್ಟು ಸಲ, ಎಷ್ಟು ಹೊತ್ತು, ಎಷ್ಟು ಜೋರು, ಎಷ್ಟು ಸಂಕಟ ಅಂತ ಒಂದೊಂದಕ್ಕೂ 0ಯಿಂದ 4 ಅಂಕ. ಬಿಎವಿಕ್ಯೂ-ಆರ್ ಅಂತ ಇನ್ನೊಂದಿದೆ, 35 ಪ್ರಶ್ನೆ. ನನಗೆ ಇದೇ ಹಿಡಿಸಿದ್ದು, ಯಾಕಂದ್ರೆ ಧ್ವನಿ ಕೆಟ್ಟದ್ದು ಮಾಡೋಕೆ ಬಂದಿದೆ ಅಂತ ನಂಬ್ತಾರಾ, ಅದಕ್ಕೆ ತುಂಬಾ ಶಕ್ತಿ ಇದೆ ಅನಿಸುತ್ತಾ, ಎದುರು ನಿಲ್ತಾರಾ ಇಲ್ಲಾ ಅದು ಹೇಳಿದಂತೆ ನಡೀತಾರಾ ಅಂತ ಕೇಳುತ್ತದೆ. ಪಟ್ಟಿ ತುಂಬುವುದು ಡಾಕ್ಟರ್ ಕೆಲಸ. ನೀವು ಹೊತ್ತು, ಅವನು ಮಾಡಿದ್ದು, ಆಮೇಲೆ ಕಮ್ಮಿ ಆಯ್ತಾ ಜಾಸ್ತಿ ಆಯ್ತಾ, ಇಷ್ಟು ಬರೆಯಿರಿ. ಸಾಯಿ, ಹೊಡಿ ಅಂತ ಧ್ವನಿ ಹೇಳಿದರೆ ಮಾತ್ರ ಬರೆಯುತ್ತಾ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ದಾವಣಗೆರೆಯಿಂದ ಇನ್ನೊಬ್ಬರು:
ನಮ್ಮನೆಯವರು ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಭಟ್ಟಿ ಮುಂದೆ ಇರುವಷ್ಟು ಹೊತ್ತು ಧ್ವನಿ ಕಮ್ಮಿ, ರಾತ್ರಿ ಹಾಸಿಗೆಗೆ ಬಂದರೆ ಶುರು. ಇದು ಬರೆದ ಮೇಲೇ ಗೊತ್ತಾಗಿದ್ದು. ಅಮಾವಾಸ್ಯೆಗೆ ಉಕ್ಕಡಗಾತ್ರಿ ದೇವಸ್ಥಾನಕ್ಕೆ ಹೋಗಿದ್ದನ್ನೂ ಬರೆದಿದ್ದೆ, ಡಾಕ್ಟರ್ ಬೈಯಲಿಲ್ಲ, ಅಲ್ಲಿ ಸಮಾಧಾನ ಆಯ್ತಾ ಅಂತ ಕೇಳಿದರು, ಮಾತ್ರೆ ಬಿಡಬೇಡಿ ಅಂದರು. ಒಂದು ಮಾತು ತಂಗಿ, ಅವನು ಬಾಗಿಲು ಹಾಕಿಕೊಂಡು ಸುಮ್ನೆ ಕೂತರೆ ಅದನ್ನೂ ಬರಿ. ನಾವು ಅದನ್ನೇ "ಪರವಾಗಿಲ್ಲ" ಅಂದುಕೊಂಡಿರುತ್ತೇವೆ.

ಕೇಳಿದವಳು:
ಪುಸ್ತಕ ಅವನಿಗೇ ಕೊಟ್ಟೆ. "ನನ್ನ ಅಕ್ಷರ ಚೆನ್ನಾಗಿಲ್ಲ, ನಾನು ಹೇಳ್ತೀನಿ, ನೀನೇ ಬರಿ" ಅಂದ. ಹಾಗೂ ನಡೆಯುತ್ತಾ?